ಉಣುಗಿನ ಕಾಡು, ವೀಸಾದ ಬೇಲಿ

ಕಾಡಿನ ನೆಲ ಒಣಗತೊಡಗಿದ ಮೇಲೆ ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಘಟ್ಟದ ಬುಡದ ಊರುಗಳಲ್ಲಿ ಎರಡು ಕೆಲಸ ಜೊತೆಜೊತೆಗೆ ನಡೆಯುತ್ತವೆ. ತೋಟವಿದ್ದವರು ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಒಣ ಎಲೆ, ಗುಡಿಸುತ್ತಾರೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಉಣುಗನ್ನು ದೂರವಿಡುವ ಡೆಪಾ ತೈಲ ಕೊಟ್ಟು ನಾಲ್ಕು ಮಾತು ಹೇಳುತ್ತಾರೆ: ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ವಿರುದ್ಧ ನಮ್ಮ ಕೈಯಲ್ಲಿರುವ ಬಹುಪಾಲು ಅಸ್ತ್ರ ಈ ನಾಲ್ಕು ಮಾತುಗಳೇ. ಈ ರೋಗಕ್ಕೆಂದೇ ಔಷಧವಿಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ 2022ರಲ್ಲಿ ನಿಂತುಹೋಯಿತು. ಉಳಿದಿರುವುದು ಎಚ್ಚರಿಕೆ. ಆ ಎಚ್ಚರಿಕೆಗೆ ಆಧಾರವಾದ ಜ್ಞಾನವನ್ನು ಒಂದೇ ದೇಶದವರು ಕಟ್ಟಲಿಲ್ಲ. ಮೈಸೂರು ರಾಜ್ಯದ ಆರೋಗ್ಯ ಸಿಬ್ಬಂದಿ, ಪುಣೆಯ ಭಾರತೀಯ ವಿಜ್ಞಾನಿಗಳು, ಅಮೆರಿಕದಿಂದ ಬಂದವರು, ಕೊಲಂಬಿಯಾದ ಒಬ್ಬ ವೈದ್ಯ, ಕೈರೋದಲ್ಲಿ ಕುಳಿತಿದ್ದ ಒಬ್ಬ ಉಣುಗು ತಜ್ಞ ಸೇರಿ ಕಟ್ಟಿದರು. ಅವರು ಗಡಿ ದಾಟಿ ಬರಲು ಸಾಧ್ಯವಾಗಿತ್ತು ಎಂಬುದೇ ಈ ಕಥೆಯ ಮೊದಲ ಪಾಠ. ಅದು ಕ್ರಮೇಣ ಕಷ್ಟವಾಗುತ್ತ ಬಂದದ್ದು ಎರಡನೆಯ ಪಾಠ.

ಕ್ಯಾಸನೂರಿಗೆ ಬಂದವರು

1957ರ ಮಾರ್ಚ್. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲಿನ ಊರುಗಳಲ್ಲಿ ಜನರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈಕೈ ನೋವು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ್ದ ಕೇಂದ್ರ ಅದು. ಅಲ್ಲಿನ ಅಮೆರಿಕನ್ ವಿಜ್ಞಾನಿಗಳಾದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡಿಗೆ ಬಂದರು.

ಅವರ ಎದೆಯಲ್ಲಿದ್ದ ಮೊದಲ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗಗಳು ಸತ್ತರೆ ಹಳದಿ ಜ್ವರ ಬಂತೆಂದೇ ಅರ್ಥ. ಏಷ್ಯಾದಲ್ಲಿ ಆ ರೋಗ ಇರಲಿಲ್ಲ. ಬಂದಿದ್ದರೆ ಅನಾಹುತ. ಟ್ರಾಪಿಡೊ ಪನಾಮಾದ ಕಾಡುಗಳಲ್ಲಿ ಕೆಲಸ ಮಾಡಿದ್ದವರಾದ್ದರಿಂದ ಮಂಗದ ಸಾವನ್ನು ಓದಲು ಅವರಿಗೆ ಗೊತ್ತಿತ್ತು. ಆದರೆ ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯಾದ ಕಡೆ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ ಹೊಸದೊಂದು ವೈರಸ್ ಅದು.

ಹಾಗಾದರೆ ಇಲ್ಲಿಯೂ ಉಣುಗೇ ಇರಬೇಕು ಎಂದು ತಂಡ ಕಾಡಿನ ನೆಲಕ್ಕಿಳಿಯಿತು. ವಿಧಾನ ಸರಳ. ಒಂದು ಬಿಳಿ ಬಟ್ಟೆಯನ್ನು ದರಕಿನ ಮೇಲೆ, ಕುರುಚಲಿನ ಮೇಲೆ ನಿಧಾನವಾಗಿ ಎಳೆಯುತ್ತ ಹೋಗುವುದು. ಪ್ರಾಣಿಯ ಮೈ ಸಿಕ್ಕಿತೆಂದು ಉಣುಗು ಬಟ್ಟೆಗೆ ಅಂಟಿಕೊಳ್ಳುತ್ತದೆ. ನಿಂತು, ಬಟ್ಟೆ ಮಗುಚಿ, ಚಿಮಟದಿಂದ ಒಂದೊಂದನ್ನೇ ಕಿತ್ತು ಸೀಸೆಗೆ ಹಾಕುವುದು. ಮನುಷ್ಯರಿಗೆ ರೋಗ ತಗಲಿಸುವ ಮರಿ ಉಣುಗು ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ನೋಡುವ ಕಣ್ಣಿಗೆ ಎಲ್ಲ ಉಣುಗೂ ಒಂದೇ. ಯಾವುದು ಯಾವ ಜಾತಿ ಎಂದು ಖಚಿತವಾಗದೆ ಯಾವುದು ವೈರಸ್ ಹೊತ್ತಿದೆ ಎಂದು ಹೇಳುವಂತಿಲ್ಲ. ಈ ಕೆಲಸದಲ್ಲಿ ಕೈಜೋಡಿಸಿದವರು ಕೈರೋದಲ್ಲಿದ್ದ ಅಮೆರಿಕ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಘಟಕದ ಹ್ಯಾರಿ ಹೂಗ್‌ಸ್ಟ್ರಾಲ್. ಉಣುಗುಗಳ ವಿಷಯದಲ್ಲಿ ಆ ಕಾಲದ ಜಗತ್ತಿನಲ್ಲಿ ಅವರಿಗೆ ಸಾಟಿ ಇರಲಿಲ್ಲ. 1964ರಲ್ಲಿ ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ಪಿ.ಕೆ. ರಾಜಗೋಪಾಲನ್ ಸೇರಿ ಒಂದು ಹೊಸ ಉಣುಗನ್ನು ವಿವರಿಸಿ ಅದಕ್ಕೆ ಹೀಮಾಫಿಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಹೆಸರಿಟ್ಟರು. ಸೊರಬದ ಒಂದು ಹಳ್ಳಿಯ ಹೆಸರು ಹೀಗೆ ಪ್ರಾಣಿಶಾಸ್ತ್ರದ ಪುಸ್ತಕ ಸೇರಿತು. ರೋಗ ಹರಡುವ ಮುಖ್ಯ ಉಣುಗು ಅದರ ಬಳಗದ್ದೇ ಆದ ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬುದೂ ಖಚಿತವಾಯಿತು. ರಾಜಗೋಪಾಲನ್ ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಹೊರಗಿನವರ ಜೊತೆ ದುಡಿದ ನಮ್ಮ ಯುವಕರು ಕಲಿತು ಸಂಸ್ಥೆ ಕಟ್ಟಿದ ಉದಾಹರಣೆ ಇದು.

ಇನ್ನೊಬ್ಬರು ಹೋರ್ಹೆ ಬೊಶೆಲ್. ಕೊಲಂಬಿಯಾದ ಈ ವೈದ್ಯರು ತಮ್ಮ ದೇಶದಲ್ಲಿ ಮರ ಕಡಿಯುವವರ ಜೊತೆ ನಿಂತಿದ್ದಾಗ, ಮರ ನೆಲಕ್ಕುರುಳುತ್ತಲೇ ಮೇಲಿನ ಕೊಂಬೆಗಳ ಸೊಳ್ಳೆಗಳು ಕೆಳಗಿಳಿದು ಜನರನ್ನು ಕಚ್ಚುವುದನ್ನು ಕಂಡು ಕಾಡಿನ ಹಳದಿ ಜ್ವರದ ಗುಟ್ಟು ಬಿಡಿಸಿದವರು. ಅದೇ ಕಣ್ಣನ್ನು ಅವರು ಮಲೆನಾಡಿಗೆ ತಂದರು. ಕಾಡು ಕಡಿದು ಗದ್ದೆ, ತೋಟ ಮಾಡಿದಾಗ ಅಂಚಿನಲ್ಲಿ ಕುರುಚಲು ಬೆಳೆಯುತ್ತದೆ. ದನಗಳು ಮೇಯಲು ಒಳಹೋಗುತ್ತವೆ. ದೊಡ್ಡ ಉಣುಗುಗಳಿಗೆ ಹೊಟ್ಟೆತುಂಬ ರಕ್ತ ಸಿಕ್ಕಿ ಸಂತಾನ ಹೆಚ್ಚುತ್ತದೆ. ಮಂಗ ಮತ್ತು ಮನುಷ್ಯ ಇಬ್ಬರೂ ಅದೇ ಅಂಚಿನಲ್ಲಿ ಓಡಾಡುತ್ತಾರೆ. 1969ರಲ್ಲಿ ಅವರು ಬರೆದ ಲೇಖನವನ್ನು ಇಂದಿಗೂ ಈ ರೋಗದ ಅಧ್ಯಯನ ಮಾಡುವವರು ಮೊದಲು ತೆಗೆದು ಓದುತ್ತಾರೆ.

ರೋಗ ಸೊರಬ, ಸಾಗರದಲ್ಲಿ ನಿಲ್ಲಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಘಟ್ಟ ಇಳಿದು ಉತ್ತರ ಕನ್ನಡ, ದಕ್ಷಿಣ ಕನ್ನಡಕ್ಕೆ ಬಂತು. ಹೊನ್ನಾವರ, ಭಟ್ಕಳ, ಕುಮಟಾಗಳ ಹೆಸರು ರೋಗದ ನಕ್ಷೆ ಸೇರಿತು. ಕಳೆದ ದಶಕದಲ್ಲಿ ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿಕೊಂಡಿತು. 2024ರ ಆರಂಭದಲ್ಲಿ ಹೊನ್ನಾವರದ ನೆರೆಯ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಸಾವುಗಳಾದವು.

ಅನುಮಾನ ಹುಟ್ಟಿದ ಬಗೆ

ವೈರಸ್ ಸೈಬೀರಿಯಾದ ಬಳಗದ್ದು ಎಂದಾಗ ಒಂದು ಸಹಜ ಪ್ರಶ್ನೆ ಎದ್ದಿತು. ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳು ಇದನ್ನು ತಂದಿರಬಹುದೇ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಶುರು ಮಾಡಿದರು. ಭಾರತದ ಹಕ್ಕಿ ವಲಸೆಯ ಜ್ಞಾನಕ್ಕೆ ಅಡಿಪಾಯ ಬಿದ್ದದ್ದು ಆಗಲೇ. ಆದರೆ ಅರವತ್ತರ ದಶಕದಲ್ಲಿ ಈ ಕೆಲಸಕ್ಕೆ ಅಮೆರಿಕದ ಸೇನೆಯ ಹಣ ಹರಿಯುತ್ತಿದ್ದ ಇನ್ನೊಂದು ಯೋಜನೆಯ ನಂಟು ಬೆಳೆಯಿತು. ಅಮೆರಿಕ ಜೈವಿಕ ಅಸ್ತ್ರಗಳ ಕಾರ್ಯಕ್ರಮ ನಡೆಸುತ್ತಿದ್ದ ಕಾಲ ಅದು. 1969ರ ನವೆಂಬರಿನಲ್ಲಷ್ಟೇ ಅಧ್ಯಕ್ಷ ನಿಕ್ಸನ್ ಅದನ್ನು ನಿಲ್ಲಿಸಿದರು. ವಿದೇಶಿ ಸೇನೆ ನಮ್ಮ ಹಕ್ಕಿ, ನಮ್ಮ ಉಣುಗು, ನಮ್ಮ ವೈರಸ್‌ಗಳ ಲೆಕ್ಕ ಏಕೆ ಕೇಳುತ್ತಿದೆ ಎಂದು ಪತ್ರಿಕೆಗಳು ಕೇಳಿದವು, ಸಂಸತ್ತು ಕೇಳಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಭಾಗಿತ್ವದ ಸಂಶೋಧನೆಗಳ ಬಗ್ಗೆ ಕಟುವಾದ ವರದಿ ಕೊಟ್ಟಿತು. ಇಂಥದ್ದೇ ಸಹಭಾಗಿತ್ವದಲ್ಲಿ ದೆಹಲಿಯಲ್ಲಿ ನಡೆಯುತ್ತಿದ್ದ ಸೊಳ್ಳೆ ನಿಯಂತ್ರಣದ ಸಂಶೋಧನಾ ಘಟಕ ಅದೇ ವರ್ಷ ಮುಚ್ಚಿತು.

ಆ ಪ್ರಶ್ನೆಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಸೇನೆಯ ಹಣ ನಿಜವಾಗಿತ್ತು. ಮುಂದೆ 1990ರ ದಶಕದಲ್ಲಿ ಅರಿಶಿನ, ಬೇವುಗಳ ಪೇಟೆಂಟ್ ವಿವಾದಗಳು ಬಂದಾಗ, ನಮ್ಮ ಸಂಪತ್ತನ್ನು ನಮಗೆ ಗೊತ್ತಾಗದಂತೆ ಹೊರಗೆ ಒಯ್ಯುತ್ತಾರೆಂಬ ಆತಂಕವೂ ನಿಜವೇ ಆಯಿತು. 2002ರ ಜೀವವೈವಿಧ್ಯ ಕಾಯ್ದೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಆದರೆ ಒಂದು ದಶಕದ ಅನುಮಾನ ಕಾಯಂ ಸ್ವಭಾವವಾಗಿ ಉಳಿದಾಗ ನಷ್ಟವಾಗುವುದು ಯಾರಿಗೆ ಎಂದು ನೋಡಬೇಕು. ಮಂಗನ ಕಾಯಿಲೆಯ ಪರಿಸರದ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ 1957ರಿಂದ ಎಪ್ಪತ್ತರ ದಶಕದವರೆಗಿನ ಕ್ಷೇತ್ರಕಾರ್ಯದಿಂದ ಬಂದದ್ದು. ಆಮೇಲೆ ಕಾಡು ಬದಲಾಯಿತು, ದನ ಸಾಕುವ ರೀತಿ ಬದಲಾಯಿತು, ರೋಗ ಐದು ರಾಜ್ಯಗಳಿಗೆ ಹರಡಿತು. ಜ್ಞಾನ ಅದೇ ವೇಗದಲ್ಲಿ ಬೆಳೆಯಲಿಲ್ಲ. ಇದಕ್ಕೆ ಹಣದ ಕೊರತೆಯೂ ಕಾರಣ, ಪ್ರಯೋಗಾಲಯದಲ್ಲೇ ಸಿಬ್ಬಂದಿಗೆ ಸೋಂಕು ತಗಲಿದ್ದರಿಂದ ಹುಟ್ಟಿದ ಅಂಜಿಕೆಯೂ ಕಾರಣ. ಮುಚ್ಚಿಕೊಂಡ ಬಾಗಿಲು ಅವುಗಳ ಜೊತೆ ಸೇರಿಕೊಂಡಿತು.

ಎರಡೂ ಕಡೆಯ ಬಾಗಿಲು

ಈಗ ಒಬ್ಬ ವಿದೇಶಿ ಉಣುಗು ತಜ್ಞೆ ಹೊನ್ನಾವರ ತಾಲೂಕಿನ ಗೇರುಸೊಪ್ಪದ ಕಾಡಿನಲ್ಲಿ ಬಿಳಿ ಬಟ್ಟೆ ಎಳೆಯಬೇಕು ಎಂದುಕೊಳ್ಳೋಣ. ಪ್ರವಾಸಿ ವೀಸಾದಲ್ಲಿ ಅದು ಆಗದು. ಸಂಶೋಧನಾ ವೀಸಾ ಬೇಕು. ಆರೋಗ್ಯ ಸಂಶೋಧನೆಯಾದ್ದರಿಂದ ಯೋಜನೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. ಉಣುಗು ಜೀವವೈವಿಧ್ಯವೂ ಹೌದು. ಹಾಗಾಗಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪ್ರಶ್ನೆ ಬರುತ್ತದೆ. ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇರೆ. ಒಂದೊಂದು ಕಚೇರಿಗೂ ಅದರದೇ ನಮೂನೆ, ಅದರದೇ ಸಭೆ, ಅದರದೇ ಅವಧಿ. ಇವುಗಳಲ್ಲಿ ಯಾವುದೂ ತಾನಾಗಿ ಅನ್ಯಾಯವಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. ಉಣುಗಿನ ಹಂಗಾಮು ಡಿಸೆಂಬರಿನಿಂದ ಮೇ ತನಕ. ಒಂದು ಕಡತ ಮೂರು ತಿಂಗಳು ತಡವಾದರೆ ಕಳೆದುಹೋಗುವುದು ಮೂರು ತಿಂಗಳಲ್ಲ, ಇಡೀ ವರ್ಷ. ಮೂರು ವರ್ಷದ ಯೋಜನೆಯಲ್ಲಿ ಅದು ಮೂರನೇ ಒಂದು ಪಾಲು.

ಪಾಕಿಸ್ತಾನದ ವಿಜ್ಞಾನಿಗಳ ವಿಷಯದಲ್ಲಿ ದಾರಿ ಇನ್ನೂ ಕಿರಿದು. ಆ ದೇಶದವರ ವೀಸಾ ಅರ್ಜಿ 2025ರ ಏಪ್ರಿಲ್ ತನಕ ಮೊದಲು ದೆಹಲಿಯ ಒಪ್ಪಿಗೆಗೆ ಹೋಗಬೇಕಿತ್ತು; ಆಗ ಭಾರತ ಅವರಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಉಣುಗಿನಿಂದಲೇ ಹರಡುವ ಕ್ರಿಮಿಯನ್ ಕಾಂಗೊ ಜ್ವರ ಅಲ್ಲಿ ಬಹಳ ಹಿಂದಿನಿಂದ ಇದೆ. ಭಾರತದಲ್ಲಿ ಅದು ಮೊದಲು ದೃಢಪಟ್ಟದ್ದು 2011ರ ಜನವರಿಯಲ್ಲಿ, ಗುಜರಾತಿನಲ್ಲಿ. ಒಂದೇ ಬಗೆಯ ರೋಗದ ಜೊತೆ ಹೆಣಗುವ ಎರಡು ದೇಶಗಳ ವೈದ್ಯರು ಎದುರುಬದುರು ಕೂರಬೇಕಾದರೆ ಮೂರನೆಯ ದೇಶಕ್ಕೆ ಹೋಗಬೇಕಾದ ಸ್ಥಿತಿ.

ಹೊರಗೆ ಹೋಗುವ ನಮ್ಮವರಿಗೂ ಬಾಗಿಲುಗಳಿವೆ. ಸರ್ಕಾರಿ ಸಂಸ್ಥೆಯ ವಿಜ್ಞಾನಿಗೆ ತನ್ನ ಸಂಸ್ಥೆಯ, ಸಚಿವಾಲಯದ, ವಿದೇಶಾಂಗ ಇಲಾಖೆಯ ಒಪ್ಪಿಗೆ ಬೇಕು. ಅದಾದ ಮೇಲೆ ಆ ದೇಶದ ವೀಸಾ. 2006ರ ಫೆಬ್ರುವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಜಿ ನಿರ್ದೇಶಕ ಗೋವರ್ಧನ ಮೆಹ್ತಾ ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಅಮೆರಿಕಕ್ಕೆ ಹೊರಟಿದ್ದರು. ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಅವರ ರಸಾಯನಶಾಸ್ತ್ರದ ಪರಿಣತಿ ರಾಸಾಯನಿಕ ಅಸ್ತ್ರಕ್ಕೆ ಬಳಕೆಯಾಗಬಹುದೆಂಬ ಅನುಮಾನ ವ್ಯಕ್ತವಾಗಿ ವೀಸಾ ಸಿಗಲಿಲ್ಲ. ಆಗ ಅವರು ಅಂತರರಾಷ್ಟ್ರೀಯ ವಿಜ್ಞಾನ ಮಂಡಳಿಯ ಅಧ್ಯಕ್ಷರು. ವಿಜ್ಞಾನಿಗಳ ಮುಕ್ತ ಸಂಚಾರವನ್ನು ತತ್ವವಾಗಿ ಎತ್ತಿಹಿಡಿಯುವ ಸಂಸ್ಥೆ ಅದು. ಸುದ್ದಿ ದೇಶವಿಡೀ ಆದ ಮೇಲೆ ಅಮೆರಿಕ ವಿಷಾದ ಹೇಳಿ ವೀಸಾ ಕೊಡಲು ಮುಂದಾಯಿತು, ಮೆಹ್ತಾ ಹೋಗಲಿಲ್ಲ. ಅಷ್ಟು ಹೆಸರಿದ್ದವರ ಪರವಾಗಿ ದೇಶ ಮಾತಾಡಿತು. ವೈರಸ್ ಅಧ್ಯಯನ ಮಾಡುವ ಇಪ್ಪತ್ತೇಳರ ಹುಡುಗಿಯ ಪಾಸ್‌ಪೋರ್ಟು ಹೆಚ್ಚುವರಿ ಪರಿಶೀಲನೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡರೆ ಯಾವ ಪತ್ರಿಕೆಯೂ ಬರೆಯುವುದಿಲ್ಲ.

ಕೊರೊನಾ ಕಾಲದಲ್ಲಿ ಪ್ರಯಾಣವೇ ನಿಂತಾಗ ಪರದೆಯ ಮೇಲಿನ ಸಭೆಗಳಾದರೂ ಇದ್ದವು. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಅದಕ್ಕೂ ನಿಯಮ ತಂದಿತು: ದೇಶದ ಭದ್ರತೆ, ಗಡಿ, ಆಂತರಿಕ ವಿಷಯಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆನ್‌ಲೈನ್ ಸಭೆಗೆ ವಿದೇಶಾಂಗ ಸಚಿವಾಲಯದ ಪೂರ್ವಾನುಮತಿ ಬೇಕು. ಆಂತರಿಕ ವಿಷಯ ಎಂದರೆ ಯಾವುದು ಎಂಬ ವಿವರಣೆ ಇರಲಿಲ್ಲ. ಸಿ.ವಿ. ರಾಮನ್ ಬೆಂಗಳೂರಿನಲ್ಲಿ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ವಿಜ್ಞಾನ ಅಕಾಡೆಮಿಗಳು ಸರ್ಕಾರಕ್ಕೆ ಪತ್ರ ಬರೆದು ವಿರೋಧಿಸಿದವು. ಮರುತಿಂಗಳೇ ಆದೇಶ ಹಿಂದಕ್ಕೆ ಹೋಯಿತು. ಕಾರಣ ಕೊಟ್ಟು ಕೇಳಿದರೆ ಸರ್ಕಾರ ಕೇಳಿಸಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಜಿದ್ದಾದಲ್ಲೊಂದು ದಾಯಾದಿ ವೈರಸ್

ಭಟ್ಕಳದ ಮನೆಗಳಲ್ಲಿ ವೀಸಾ ಎಂಬುದು ಊಟದ ಮಾತಿನಷ್ಟೇ ಸಾಮಾನ್ಯ. ದುಬೈ, ಜಿದ್ದಾ, ರಿಯಾದ್‌ಗಳಲ್ಲಿ ದುಡಿಯುವವರ ಊರದು. ಅದೇ ಜಿದ್ದಾದಲ್ಲಿ 1990ರ ದಶಕದ ನಡುವೆ ಡಾ. ಅಲಿ ಝಾಕಿ ಎಂಬ ಈಜಿಪ್ಟಿನ ವೈರಾಣು ತಜ್ಞರು ಕಸಾಯಿ ಕೆಲಸದ ರೋಗಿಯ ರಕ್ತದಲ್ಲಿ ಒಂದು ಹೊಸ ವೈರಸ್ ಕಂಡರು. ಅಲ್ಖುರ್ಮಾ ಎಂದು ಹೆಸರಾದ ಅದು ನಮ್ಮ ಮಂಗನ ಕಾಯಿಲೆಯ ವೈರಸ್ಸಿಗೆ ತೀರ ಹತ್ತಿರದ ದಾಯಾದಿ. ಎರಡರ ವಂಶವಾಹಿ ಶೇ 90ರ ಆಸುಪಾಸು ಒಂದೇ. ಅಲ್ಲಿ ಒಂಟೆ, ಕುರಿಗಳ ಉಣುಗು. ಇಲ್ಲಿ ಮಂಗ, ದನಗಳ ಉಣುಗು. ಇವು ಯಾವಾಗ, ಯಾವ ದಾರಿಯಲ್ಲಿ ಬೇರೆಯಾದವು? ನಡುವಿನ ನಾಡುಗಳಲ್ಲಿ ಇನ್ನೂ ಕಾಣದ ಬಂಧುಗಳಿವೆಯೇ? ಭಾರತ, ಸೌದಿ ಮತ್ತು ನಡುವಿನ ದೇಶಗಳ ಉಣುಗುಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡದೆ ಇದಕ್ಕೆ ಉತ್ತರ ಸಿಗದು.

ಇದೇ ಝಾಕಿ 2012ರಲ್ಲಿ ಜಿದ್ದಾದಲ್ಲಿ ಇನ್ನೊಬ್ಬ ರೋಗಿಯ ಮಾದರಿಯನ್ನು ನೆದರ್ಲೆಂಡ್ಸಿನ ಪ್ರಯೋಗಾಲಯಕ್ಕೆ ಕಳಿಸಿದರು. ಅದು ಮರ್ಸ್ ಕೊರೊನಾ ವೈರಸ್ ಎಂದು ಗೊತ್ತಾಯಿತು, ಜಗತ್ತಿಗೆ ಎಚ್ಚರಿಕೆ ಸಿಕ್ಕಿತು. ಆದರೆ ಅಧಿಕಾರಿಗಳು ಕೆರಳಿದ್ದರಿಂದ ತಾವು ಕೆಲಸ ಕಳೆದುಕೊಂಡು ಈಜಿಪ್ಟಿಗೆ ಮರಳಬೇಕಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಮಾದರಿ ಗಡಿ ದಾಟಿದ್ದಕ್ಕೆ ಒಬ್ಬ ವಿಜ್ಞಾನಿ ತೆತ್ತ ಬೆಲೆ ಅದು.

ಚೀನಾದ ಪ್ರಕರಣ ಇನ್ನೂ ಪಾಠ ಕಲಿಸುವಂಥದ್ದು. ಯುನ್ನಾನ್ ಪ್ರಾಂತ್ಯದ ಜ್ವರದ ರೋಗಿಯೊಬ್ಬರಿಂದ 1989ರಲ್ಲಿ ಸಿಕ್ಕ ವೈರಸ್ ಮಂಗನ ಕಾಯಿಲೆಯದೇ ಎಂದು 2009ರಲ್ಲಿ ಪ್ರಕಟವಾಯಿತು. ಆದರೆ ಅದರ ವಂಶವಾಹಿ ನಮ್ಮ 1957ರ ಮಾದರಿಯನ್ನೇ ಹೆಚ್ಚುಕಡಿಮೆ ಪೂರ್ತಿ ಹೋಲುತ್ತಿತ್ತು. ಪ್ರಯೋಗಾಲಯದಲ್ಲಿ ಬೆರಕೆಯಾಗಿದೆಯೇ, ರೋಗ ನಿಜಕ್ಕೂ ಅಲ್ಲಿತ್ತೇ? ಎರಡು ದೇಶದ ಪ್ರಯೋಗಾಲಯಗಳು ಮಾದರಿಗಳನ್ನು ಜೊತೆಗಿಟ್ಟು ಪರೀಕ್ಷಿಸಿದರೆ ಅನುಮಾನ ಬಗೆಹರಿಯುವ ದಾರಿ ತೆರೆಯುತ್ತದೆ.

ಲಸಿಕೆಯ ವಿಷಯವೂ ಹೀಗೆಯೇ. ಅಮೆರಿಕದ ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಮಂಗನ ಕಾಯಿಲೆಗೆ ಹೊಸ ಬಗೆಯ ಲಸಿಕೆಯನ್ನು ಇಲಿಗಳಲ್ಲೂ ಮಂಗಗಳಲ್ಲೂ ಪರೀಕ್ಷಿಸಿ ಒಳ್ಳೆಯ ಫಲ ಕಂಡಿದ್ದಾರೆ. ಇಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಬೇರೆ ಲಸಿಕೆಗಾಗಿ ಕೈಜೋಡಿಸಿವೆ. ರೋಗ ಇರುವುದು ನಮ್ಮ ಬೆಟ್ಟದಲ್ಲಿ, ಕೆಲಸದ ಒಂದು ಪಾಲು ನಡೆಯುತ್ತಿರುವುದು ಮೊಂಟಾನಾದಲ್ಲಿ. ಇಬ್ಬರೂ ಕಂಡದ್ದನ್ನು ಹಂಚಿಕೊಂಡರೆ ಗೆಲ್ಲುವವರು ದರಕು ಗುಡಿಸುವವರು.

ಕೇಳಬೇಕಾದದ್ದು

ಸಹಯೋಗ ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆಯೂ ಇದೆ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ ಮತ್ತಿತರ ಭಾರತೀಯ ಸಂಸ್ಥೆಗಳು ಮಂಕಿಫೀವರ್‌ರಿಸ್ಕ್ ಎಂಬ ಯೋಜನೆಯಲ್ಲಿ ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರ ಜೊತೆ ಕೂತು ಯಾವ ಬಗೆಯ ಭೂಮಿಯಲ್ಲಿ ಅಪಾಯ ಹೆಚ್ಚು ಎಂದು ನಕ್ಷೆ ಮಾಡಿದವು. ದಟ್ಟ ಕಾಡಿಗಿಂತ, ಕಾಡು, ತೋಟ, ಗದ್ದೆ ಒಂದರೊಳಗೊಂದು ಸೇರಿಕೊಂಡ ಪ್ರದೇಶಗಳತ್ತ ಅದು ಬೊಟ್ಟು ಮಾಡಿತು. ನಮ್ಮ ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಪೂರ್ವದ ಅಂಚು ಅಂಥದ್ದೇ ಭೂಮಿ. ಆ ಯೋಜನೆಯ ನಡುವೆಯೇ, 2020ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ವಿಮಾನ ಸಂಚಾರ ನಿಂತಿತು; ಮಾಮೂಲಿ ಸ್ಥಿತಿಗೆ ಬಂದದ್ದು 2022ರ ಮಾರ್ಚಿನಲ್ಲಿ. 2021ರಲ್ಲಿ ಬ್ರಿಟನ್ ಸರ್ಕಾರ ಇಂಥ ಸಂಶೋಧನೆಗೆ ಕೊಡುತ್ತಿದ್ದ ನೆರವನ್ನೂ ಕಡಿತ ಮಾಡಿತು. ನಿರ್ಬಂಧ ನಮ್ಮದೊಂದೇ ದೇಶದ ಚಾಳಿಯಲ್ಲ.

ಹಾಗೆಂದು ಎಲ್ಲ ನಿಯಮ ತೆಗೆದುಹಾಕಿ ಎನ್ನುವುದು ಜವಾಬ್ದಾರಿಯ ಮಾತಲ್ಲ. ಈ ವೈರಸ್ಸಿನ ಸಾಗಣೆಗೆ ವಿಮಾನಯಾನದಲ್ಲಿ ಅತಿ ಕಟ್ಟುನಿಟ್ಟಿನ ವರ್ಗವಿದೆ, ಇರಲೇಬೇಕು. ನಮ್ಮ ಜನರ ರಕ್ತದಿಂದ ಬಂದ ತಿಳಿವಳಿಕೆಯ ಲಾಭ ನಮ್ಮ ಜನಕ್ಕೆ ಮೊದಲು ಸಿಗಬೇಕು ಎಂಬ ಷರತ್ತೂ ಬೇಕು. ಯಾರ ಹಣ, ಏನು ಉದ್ದೇಶ ಎಂದು ಬಹಿರಂಗವಾಗಿ ಹೇಳಲೇಬೇಕು. ನನ್ನ ಬೇಡಿಕೆ ಬೇರೆ.

ಆರೋಗ್ಯ, ಜೀವವೈವಿಧ್ಯ, ಅರಣ್ಯ, ವೀಸಾ ಈ ನಾಲ್ಕರ ಅರ್ಜಿಗೂ ಒಂದೇ ಕಿಟಕಿ ಇರಲಿ. ಹಂಗಾಮಿನ ರೋಗಗಳ ಅಧ್ಯಯನಕ್ಕೆ ಅಕ್ಟೋಬರಿನೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗಲಿ. ಇಲ್ಲ ಎಂದರೆ ಕಾರಣ ಬರಹದಲ್ಲಿ ಬರಲಿ. ವಿದೇಶಿ ತಂಡ ಬಂದರೆ ಅದರ ಜೊತೆ ಸ್ಥಳೀಯ ಕಾಲೇಜಿನ ವಿದ್ಯಾರ್ಥಿಗಳು, ತಾಲೂಕಿನ ಆರೋಗ್ಯ ಸಿಬ್ಬಂದಿ ಕಲಿಯುವವರಾಗಿ ಇರಲೇಬೇಕೆಂಬ ಷರತ್ತು ಹಾಕಿ. ಅಧ್ಯಯನದ ಫಲಿತಾಂಶ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಹೊರದೇಶದಲ್ಲಿ ಕಲಿಯಲು ಹೊರಟ ನಮ್ಮ ಯುವ ಸಂಶೋಧಕರ ವೀಸಾ ಸಿಕ್ಕಿಕೊಂಡಾಗ, ದೊಡ್ಡವರಿಗಾಗಿ ಎತ್ತಿದ ದನಿಯನ್ನೇ ಸರ್ಕಾರ ಅವರಿಗಾಗಿಯೂ ಎತ್ತಲಿ.

ಇದನ್ನು ವಿಜ್ಞಾನಿಗಳಷ್ಟೇ ಕೇಳಿದರೆ ಸಾಲದು. ಮಂಗ ಸತ್ತ ಸುದ್ದಿ ಮೊದಲು ತಲುಪುವುದು ಗ್ರಾಮ ಪಂಚಾಯಿತಿಗೆ. ಉತ್ತರ ಕನ್ನಡದ ಪಂಚಾಯಿತಿಗಳು, ಅಡಿಕೆ ಬೆಳೆಗಾರರ ಸಹಕಾರ ಸಂಘಗಳು, ನಮ್ಮ ಶಾಸಕರು, ಸಂಸದರು ರಸ್ತೆ, ಸೇತುವೆಗಳ ಪಟ್ಟಿಯಲ್ಲಿ ಈ ಬೇಡಿಕೆಯನ್ನೂ ಸೇರಿಸಬೇಕು. ಮಂಗನ ಕಾಯಿಲೆಯನ್ನು ಬಲ್ಲವರು ಜಗತ್ತಿನಲ್ಲಿ ಬಹಳ ಮಂದಿ ಇಲ್ಲ; ಇರುವವರು ಒಬ್ಬರನ್ನೊಬ್ಬರು ಭೇಟಿಯಾಗಲು ದಾರಿ ಮಾಡಿಕೊಡಿ.